ನೇತ್ರಾಣಿಯನ್ನು ಎಲ್ಲಿಂದ ನೋಡಬೇಕು?

ಈ ಮಾತುಕತೆ ನಡೆದದ್ದು ಮುರುಡೇಶ್ವರದ ಗೋಪುರದಿಂದ ತುಸು ಆಚೆ, ದೋಣಿ ಎಳೆದಿಟ್ಟ ಜಾಗದಲ್ಲಿ. ಒಬ್ಬರು ಆಯುಷ್ಯದ ಬಹುಪಾಲು ಕಡಲಲ್ಲಿ ಕಳೆದು ಈಗ ದಡದಲ್ಲಿ ಕೂತು ಹರಿದ ಬಲೆ ಸರಿಮಾಡುವ ಅಜ್ಜ. ಇನ್ನೊಬ್ಬ ಕುಮಟೆಯಿಂದ ಭಟ್ಕಳದವರೆಗೆ ಪ್ರವಾಸಿಗರನ್ನು ವ್ಯಾನಿನಲ್ಲಿ ಸುತ್ತಾಡಿಸುವ ಹುಡುಗ. ಅವನ ಗಿರಾಕಿಗಳು ಗೋಪುರದ ಲಿಫ್ಟಿಗೆ ಸಾಲು ನಿಂತಿದ್ದರಿಂದ ಅವನಿಗೆ ಪುರುಸೊತ್ತಿತ್ತು. ಮಳೆ ಹಿಂದಾಗಿ ಗಾಳಿ ತಿಳಿಯಾದ ನವೆಂಬರ್. ನೈಋತ್ಯಕ್ಕೆ 19 ಕಿ.ಮೀ. ಆಚೆ ನೇತ್ರಾಣಿ ದ್ವೀಪ ಸ್ಪಷ್ಟವಾಗಿ ಕಾಣುತ್ತಿತ್ತು. ನಾನು ಕೇಳಿಸಿಕೊಂಡವನು ಮಾತ್ರ. ಒಂದೆರಡು ಕಡೆ ಬಾಯಿ ಹಾಕುವ ಆಸೆಯಾದದ್ದು ನಿಜ.

ಹುಡುಗ: ಇವತ್ತು ಗುಡ್ಡ ಕಾಣ್ತಾ ಉಂಟು, ನನ್ನ ಮರ್ಯಾದೆ ಉಳೀತು ಅಜ್ಜ. ಬೇಸಿಗೆಯಲ್ಲಿ ಎಲ್ಲಾ ಮಬ್ಬು. ನೇತ್ರಾಣಿ ತೋರಿಸ್ತೇನೆ ಅಂತ ಕರೆದುಕೊಂಡು ಬಂದು ನೀರು ತೋರಿಸಿ ಕಳಿಸ್ತೀಯಲ್ಲ ಅಂತ ಜನ ನನ್ನನ್ನೇ ಜಾಡಿಸ್ತಾರೆ.

ಅಜ್ಜ: ಕಂಡದ್ದಾದರೂ ಏನು? ಒಂದು ಕಪ್ಪು ದಿಬ್ಬ. ಅದಕ್ಕೆ ದುಡ್ಡು ಕೊಟ್ಟು ಹದಿನೆಂಟು ಮಾಳಿಗೆ ಹತ್ತಬೇಕಾ? ಇಲ್ಲೇ ಮರಳಲ್ಲಿ ನಿಂತರೆ ಕಾಣೋಲ್ಲವಾ?

ಹುಡುಗ: ಕಾಣ್ತದೆ, ಆದರೆ ಪೂರ್ತಿ ಕಾಣೋಲ್ಲ. ನೀವೇ ನೋಡಿ, ಗುಡ್ಡದ ಬುಡ ಎಲ್ಲಿದೆ? ಮರಳಲ್ಲಿ ನಿಂತವನ ಕಣ್ಣಿಗೆ ದಿಗಂತ ಇರೋದು ನಾಲ್ಕೂವರೆ ಕಿಲೋಮೀಟರಿನಲ್ಲಿ. ಅದರಾಚೆ ಭೂಮಿ ಬಾಗ್ತಾ ಹೋಗ್ತದೆ. ನೇತ್ರಾಣಿಯ ಕೆಳಗಿನ ಹದಿನೈದು ಮೀಟರ್‌ನಷ್ಟು ಭಾಗ ಆ ಬಾಗಿನ ಹಿಂದೆ ಮುಳುಗಿರ್ತದೆ. ಗೋಪುರದ ಮೇಲೆ ಅರವತ್ತು ಮೀಟರ್ ಎತ್ತರಕ್ಕೆ ಹೋದಿರಿ ಅಂದ್ಕೊಳ್ಳಿ, ದಿಗಂತ 27-28 ಕಿ.ಮೀ.ಗೆ ಸರೀತದೆ. ಗುಡ್ಡ ಬುಡ ಸಮೇತ ಕಾಣ್ತದೆ, ಅದರ ಹಿಂದೆಯೂ ನೀರು ಕಾಣ್ತದೆ. ಆಗ ಅದು ದ್ವೀಪ. ಇಲ್ಲಿಂದ ನೋಡಿದರೆ ಬರೀ ಗುಡ್ಡ.

ಅಜ್ಜ: ಲೆಕ್ಕ ಚಂದ ಹೇಳ್ತೀಯ ತಮಾ. ಇದನ್ನ ನಾವು ಮೀಟರ್ ಇಲ್ಲದೇ ಕಂಡವರು. ಬೋಟು ಮುಂದೆ ಹೋಗ್ತಾ ಹೋಗ್ತಾ ಗುಡ್ಡ ನೀರಿಂದ ಎದ್ದು ಬರ್ತದೆ. ಮೊದಲು ತಲೆ, ಆಮೇಲೆ ಹೆಗಲು, ಕಡೆಗೆ ಬಂಡೆಗೆ ಬಡಿಯೋ ಬಿಳಿ ನೊರೆ. ಬರುವಾಗ ಇದೇ ಆಟ ಈ ಕಡೆ. ಮೊದಲು ಘಟ್ಟ, ಆಮೇಲೆ ತೆಂಗಿನ ತೋಟದ ಗೆರೆ. ಈಗ ಅದಕ್ಕಿಂತ ಮುಂಚೆ ನಿಮ್ಮ ಗೋಪುರ ಮತ್ತೆ ಶಿವನ ತಲೆ. 123 ಅಡಿಯ ಮೂರ್ತಿ ಮಾಡಿದ್ದು ಭಕ್ತರಿಗೆ ಅಂತಾರೆ, ನಮಗೆ ಬಂದರಿನ ಗುರುತಾಯ್ತು. ನೀನು ಅಲ್ಲಿ ಮೇಲೆ ನಿಂತು ಕಡಲನ್ನ ನೋಡ್ತೀಯ. ನಾವು ಕಡಲಲ್ಲಿ ನಿಂತು ನಿನ್ನನ್ನ ನೋಡ್ತೇವೆ.

ಹುಡುಗ: ನಿಮ್ಮ ಹಾಗೆ ನೋಡೋಕೆ ಎಲ್ಲರಿಗೂ ಬೋಟು ಬೇಕಲ್ಲ. ಮಂಡ್ಯದಿಂದ ಬಂದ ಒಬ್ಬಳು ಅಜ್ಜಿ, ಮೊಣಕಾಲು ಮಡಚೋಲ್ಲ, ಕಡಲನ್ನೇ ಕಂಡವಳಲ್ಲ. ಲಿಫ್ಟಲ್ಲಿ ಹತ್ತಿ ಕಿಟಕಿಗೆ ಮುಖ ಇಟ್ಟು ಅರ್ಧ ಗಂಟೆ ನಿಂತಳು. ಅವಳಿಗೆ ಇದು ಸಾಕು. ಅವಳಿಂದ ಆ ದ್ವೀಪಕ್ಕೂ ತೊಂದರೆ ಇಲ್ಲ. ನಾನು ಹೇಳೋದು ಇಷ್ಟೇ: ಮನುಷ್ಯ ಇಲ್ಲದ ಜಾಗ ನಮ್ಮ ಕರಾವಳಿಯಲ್ಲಿ ಎಷ್ಟು ಉಳಿದಿದೆ? ಇದ್ದ ಒಂದೆರಡನ್ನ ದೂರದಿಂದ ನೋಡಿ ಬಿಡೋಣ.

ಅಜ್ಜ: ನೋಡಿ ಬಿಡ್ತಾರಾ? ನೋಡಿದವರು ಇಳೀದೇ ಇರ್ತಾರಾ? 2024ರ ಡಿಸೆಂಬರಿನಲ್ಲಿ ಇದೇ ಮರಳಲ್ಲಿ ಕೋಲಾರ ಕಡೆಯ ಶಾಲೆಯ ನಾಲ್ವರು ಹುಡುಗಿಯರು ನೀರುಪಾಲಾದರು. ಅವರೂ ಕಡಲು ನೋಡೋಕೇ ಬಂದ ಮಕ್ಕಳು. ನೋಟಕ್ಕೆ ಹಸಿವು ಜಾಸ್ತಿ ತಮಾ. ಇವತ್ತು ಮೇಲಿಂದ ನೋಡ್ತಾರೆ, ನಾಳೆ ಹತ್ತಿರ ಹೋಗಬೇಕು ಅಂತಾರೆ, ನಾಡಿದ್ದು ಮುಟ್ಟಬೇಕು ಅಂತಾರೆ.

ಹುಡುಗ ತುಸು ಹೊತ್ತು ಸುಮ್ಮನಾದ. ಆ ದಿನಗಳಲ್ಲಿ ಕಡಲತೀರಕ್ಕೆ ಪ್ರವೇಶ ಮುಚ್ಚಿದ್ದು, ವ್ಯಾನಿನವರಿಗೆಲ್ಲ ಕೆಲಸ ತಪ್ಪಿದ್ದು ಅವನಿಗೆ ನೆನಪಿರಲೇಬೇಕು. ಆದರೆ ಅವನು ತನ್ನ ನಷ್ಟದ ಮಾತೆತ್ತಲಿಲ್ಲ.

ಹುಡುಗ: ಅದಕ್ಕೇ ಎತ್ತರದ ಜಾಗ ಬೇಕು ಅಂತೇನೆ. ಕಂಬಿ ಇರುವ, ಕಾವಲು ಇರುವ ಜಾಗ. ಹೊನ್ನಾವರದ ಅಪ್ಸರಕೊಂಡ ನೋಡಿ. ಗುಡ್ಡದ ಮೇಲೆ ನಿಂತು ಜನ ಕಡಲು ನೋಡ್ತಾರೆ, ಸೂರ್ಯ ಮುಳುಗಿದ ಮೇಲೆ ಮನೆಗೆ ಹೋಗ್ತಾರೆ. ನೀಲ್ಕೋಡಿನ ಕರಿಕಾನಮ್ಮನ ಗುಡ್ಡದಿಂದ ಶರಾವತಿಯೂ ಕಾಣ್ತದೆ, ಕಡಲೂ ಕಾಣ್ತದೆ. ಅಲ್ಲಿ ಯಾರೂ ನೀರಿಗೆ ಬೀಳೋಲ್ಲ. ಕುಮಟೆಯ ವನ್ನಳ್ಳಿಯ ಗುಡ್ಡಕ್ಕೆ ಕರೆದುಕೊಂಡು ಹೋದರೆ ಮಾತ್ರ ನನಗೆ ಒಂದು ಫಜೀತಿ. ಅಲ್ಲೂ ನೇತ್ರಾಣಿ ಎಲ್ಲಿ ಅಂತ ಕೇಳ್ತಾರೆ. ಮಾರಾಯ್ರೇ, ನಲವತ್ತೈದು ಕಿಲೋಮೀಟರ್ ಉಂಟು ಅಂದರೆ, ಫೋಟೋದಲ್ಲಿ ಹತ್ತಿರ ಇತ್ತಲ್ಲ ಅಂತಾರೆ.

ಅಜ್ಜ: ಯಾವ ಫೋಟೋ?

ಹುಡುಗ: ಡ್ರೋನಿಂದ ತೆಗೆದದ್ದು. ಮೇಲಿಂದ ನೋಡಿದರೆ ದ್ವೀಪ ಹೃದಯದ ಆಕಾರ. ಅದನ್ನ ನೋಡಿಯೇ ಅರ್ಧ ಜನ ಬರ್ತಾರೆ, ಹೊಸದಾಗಿ ಮದುವೆಯಾದವರಂತೂ ತಪ್ಪಿಸೋದೇ ಇಲ್ಲ. ಗೋಪುರ ಹತ್ತಿ ಇಳಿದ ಮೇಲೆ ನನ್ನ ಹತ್ತಿರ ತಕರಾರು: ಹಾರ್ಟ್ ಕಾಣಲೇ ಇಲ್ಲ!

ಅಜ್ಜ: (ನಗುತ್ತ) ನಾನು ಅದರ ಸುತ್ತ ಎಷ್ಟು ಸಲ ಸುತ್ತಿದ್ದೇನೋ, ನನಗೂ ಕಂಡಿಲ್ಲ. ಹದ್ದಿಗೆ ಮಾತ್ರ ಕಾಣೋ ಆಕಾರ ಅದು. ನೋಡು, ಇಲ್ಲೇ ನಿನ್ನ ಮಾತು ಸೋತಿತು. ದೂರದಿಂದ ನೋಡಿದವನಿಗೆ ದಿಬ್ಬ, ಮೇಲಿಂದ ನೋಡಿದವನಿಗೆ ಹೃದಯ. ಅದು ಏನು ಅಂತ ಗೊತ್ತಾಗೋದು ಹತ್ತಿರ ಹೋದವನಿಗೆ.

ಹುಡುಗ: ಹಾಗಾದರೆ ಹೇಳಿ, ಏನದು?

ಅಜ್ಜ: ಇಲ್ಲಿಂದ ಹೊರಟರೆ ಮೊದಲು ಮಣ್ಣು ಬಣ್ಣದ ನೀರು, ಆಮೇಲೆ ಹಸಿರು, ಗುಡ್ಡದ ಹತ್ತಿರ ಕಡುನೀಲಿ. ಕೆಳಗೆ ಬಂಡೆ, ಹವಳ, ಬಣ್ಣ ಬಣ್ಣದ ಮೀನು ಎಲ್ಲ ಕಾಣೋವಷ್ಟು ತಿಳಿ. ಇಳಿಯೋಕೆ ಧಕ್ಕೆ ಇಲ್ಲ, ಮರಳೂ ಇಲ್ಲ. ಸುತ್ತ ಕಡಿದಾದ ಬಂಡೆ. ದೋಣಿಯ ಮೂತಿಯನ್ನ ಬಂಡೆಗೆ ಕೊಟ್ಟು ಹಿಡಿದುಕೊಳ್ಳಬೇಕು. ತೆರೆ ಎತ್ತಿದಾಗ ದೋಣಿ ಏಳ್ತದೆ, ಆ ಒಂದು ಗಳಿಗೆಯಲ್ಲಿ ಹಾರಬೇಕು. ತಡ ಮಾಡಿದೆಯೋ, ತೆರೆ ಇಳೀತದೆ, ನೀನು ದೋಣಿಗೂ ಬಂಡೆಗೂ ನಡುವೆ. ಹರಕೆಯ ಆಡು ಇದ್ದರೆ ಕಾಲು ಕಟ್ಟಿ ಕೈಯಿಂದ ಕೈಗೆ ದಾಟಿಸಬೇಕು. ಮೇಲೆ ಹೋದರೆ ಜಟ್ಟಿಗ ದೇವರ ಜಾಗ. ಹರಕೆ ಒಪ್ಪಿಸಿ ಆಡಿನ ಕಟ್ಟು ಬಿಚ್ಚಿದರೆ ಅದು ಕಾಡಿಗೆ ಓಡ್ತದೆ, ತಿರುಗಿ ನೋಡೋದೇ ಇಲ್ಲ.

ಹುಡುಗ: ಅಲ್ಲಿಗೇ ಬಂದಿರಿ ನೋಡಿ. ಆಡು.

ಅಜ್ಜ: ಆಡಿಗೇನಾಯ್ತು?

ಹುಡುಗ: ಊರಲ್ಲಿ ಆಡು ಬಿಟ್ಟರೆ ಬೇಲಿ ಹಾಕ್ತೇವೆ. ಅಲ್ಲಿ ಹುಲಿ ಇಲ್ಲ, ಚಿರತೆ ಇಲ್ಲ, ಬೇಲಿಯೂ ಇಲ್ಲ. ಚಿಗುರು ಕಂಡಲ್ಲಿ ಮೇಯ್ತದೆ. ಸಸಿ ಏಳೋಲ್ಲ. ದೂರದ ಗಲಪಗೋಸ್ ದ್ವೀಪಗಳಲ್ಲಿ ಹಿಂದಿನವರು ಬಿಟ್ಟ ಆಡುಗಳು ಲಕ್ಷಗಟ್ಟಲೆಯಾಗಿ, ಅಲ್ಲಿನ ದೊಡ್ಡ ಆಮೆಗಳಿಗೆ ಹುಲ್ಲಿಲ್ಲದ ಹಾಗಾಯ್ತು. ಕಡೆಗೆ ಸರ್ಕಾರದವರು ಹೆಲಿಕಾಪ್ಟರಿನಿಂದ ಗುಂಡು ಹೊಡೆದು ಒಂದೂವರೆ ಲಕ್ಷ ಆಡು ತೆಗೆದರು. 2006ರ ಹೊತ್ತಿಗೆ ಮುಗಿಯಿತಂತೆ ಆ ಕೆಲಸ. ಭಕ್ತಿಯಿಂದಲೇ ಬಿಡಿ, ಮರೆತೇ ಬಿಡಿ, ಆಡಿನ ಬಾಯಿಗೆ ಎರಡೂ ಒಂದೇ.

ಅಜ್ಜ: ಹೌದನಾ? ಗುಂಡಿನ ಮಾತು ನೀನೇ ತೆಗೆದೆ. ನಮ್ಮ ನೇತ್ರಾಣಿಗೆ ನೌಕಾದಳದವರು ಗುರಿಯಿಟ್ಟು ಗುಂಡು ಹಾರಿಸಿ ಅಭ್ಯಾಸ ಮಾಡಿದ್ದು ನಿನಗೆ ಗೊತ್ತಿಲ್ಲವಾ? ಸಿಡಿದದ್ದು, ಸಿಡಿಯದೇ ಉಳಿದದ್ದು ಅಲ್ಲೇ ಬಿದ್ದಿರ್ತದೆ. ಅವರು ಗುಂಡು ಹೊಡೆದರೆ ದೇಶದ ಕೆಲಸ, ನಾವು ಒಂದು ಆಡು ಬಿಟ್ಟರೆ ಪರಿಸರ ಹಾಳು!

ಹುಡುಗ: ಅದನ್ನ ನಾನು ಸರಿ ಅಂದೆನಾ? ಅದಕ್ಕೂ ಪರಿಸರದವರು ಆಕ್ಷೇಪ ಮಾಡಿದ್ದಾರೆ. ಕಾರವಾರದಲ್ಲಿ 2005ರಲ್ಲಿ ಕದಂಬ ನೌಕಾನೆಲೆ ಆಯ್ತು, ಅವರಿಗೂ ಅಭ್ಯಾಸಕ್ಕೆ ಜಾಗ ಬೇಕು, ಒಪ್ಪೋಣ. ಆದರೆ ಯಾರೂ ಇಲ್ಲದ ಜಾಗ ಅಂದ ಕೂಡಲೇ ಎಲ್ಲರಿಗೂ ಅದು ತಮ್ಮ ಕೆಲಸಕ್ಕೆ ಬಿಟ್ಟಿ ಸಿಕ್ಕ ಜಾಗ ಅಂತ ಕಾಣ್ತದೆ. ಅವರಿಗೆ ಗುರಿ, ನಿಮಗೆ ಹರಕೆಯ ಆಡಿನ ದೊಡ್ಡಿ...

ಅಜ್ಜ: ನಿನಗೆ ವ್ಯಾನಿನ ಬಾಡಿಗೆ.

ಹುಡುಗ: ನನಗೆ ವ್ಯಾನಿನ ಬಾಡಿಗೆ, ಇಲ್ಲ ಅನ್ನೋಲ್ಲ. ಆದರೆ ನನ್ನ ಬಾಡಿಗೆಗೆ ಆ ದ್ವೀಪದ ಒಂದು ಎಲೆಯೂ ಉದುರೋಲ್ಲ.

ಇಲ್ಲಿ ನಾನು ಹೇಳಬೇಕೆಂದುಕೊಂಡದ್ದು ಹಕ್ಕಿಗಳ ಮಾತು. ಇಬ್ಬರೂ ಇಷ್ಟು ಹೊತ್ತು ವಾದಿಸಿ, ಆ ಗುಡ್ಡದ ನಿಜವಾದ ನಿವಾಸಿಗಳ ಹೆಸರೆತ್ತಿರಲಿಲ್ಲ. ಬ್ರಿಟಿಷರ ನಕ್ಷೆಗಳಲ್ಲಿ ನೇತ್ರಾಣಿಗೆ ಪಾರಿವಾಳದ ದ್ವೀಪ ಎಂಬ ಅರ್ಥದ ‘ಪಿಜನ್ ಐಲೆಂಡ್’ ಎಂಬ ಹೆಸರು. ಪಾರಿವಾಳಗಳಷ್ಟೇ ಅಲ್ಲ, ಅಲ್ಲಿನ ಗುಹೆಗಳಲ್ಲಿ ಜೊಲ್ಲಿನಿಂದ ಗೂಡು ಕಟ್ಟುವ ಪುಟ್ಟ ಹಕ್ಕಿಗಳಿವೆ. ಚೀನಾದಲ್ಲಿ ಸೂಪು ಮಾಡುವುದು ಇಂಥ ಹಕ್ಕಿಯ ಗೂಡಿನಿಂದಲೇ. ಬಿಳಿಹೊಟ್ಟೆಯ ಕಡಲಹದ್ದು ಅಲ್ಲಿ ಮರಿ ಮಾಡುತ್ತದೆ. ನಾನು ಬಾಯಿ ತೆರೆಯುವ ಮೊದಲೇ ಅಜ್ಜನೇ ಆ ಕಡೆ ಹೊರಳಿದರು.

ಅಜ್ಜ: ಗುಹೆಗೆ ಬೆಳಕು ಬಿಟ್ಟರೆ ಹಕ್ಕಿ ಒಂದೇ ಸಲ ಹೊರಗೆ ನುಗ್ತವೆ, ಕಣ್ಣು ಮುಚ್ಚಿಕೊಳ್ಳಬೇಕು. ಆ ಗೂಡು ಕೀಳೋಕೆ ಹೊರಗಿನಿಂದ ಜನ ಬರ್ತಿದ್ದರು ಅಂತ ನಮ್ಮ ಹಿರಿಯರು ಹೇಳ್ತಿದ್ದರು. ಅವರನ್ನ ಕಂಡದ್ದು ಯಾರು? ಮೀನುಗಾರ. ಗೋಪುರದ ಮೇಲಿದ್ದವನಿಗೆ 19 ಕಿಲೋಮೀಟರ್ ಆಚೆ ಕಳ್ಳ ಕಾಣ್ತಾನಾ? ಹೋಗಿ ಬರುವವರು ಇದ್ದರೆ ಜಾಗಕ್ಕೆ ಒಂದು ಕಣ್ಣಿರ್ತದೆ ತಮಾ. ನೀವು ಎಲ್ಲರನ್ನೂ ದಡದಲ್ಲೇ ನಿಲ್ಲಿಸಿದರೆ, ಕದ್ದು ಹೋಗುವವನು ಮಾತ್ರ ಹೋಗ್ತಾನೆ.

ಹುಡುಗ: ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಈಗ ಸ್ಕೂಬಾದವರು ಅಕ್ಟೋಬರಿನಿಂದ ಮೇ ತನಕ ದಿನಾ ಹೋಗ್ತಾರಲ್ಲ, ಅವರೂ ಒಂದು ಕಣ್ಣೇ. ‘ಗಂಧದಗುಡಿ’ಯಲ್ಲಿ ಪುನೀತ್ ಅಲ್ಲಿ ನೀರಿಗಿಳಿದದ್ದನ್ನ ನೋಡಿದ ಮೇಲಂತೂ ಈಜು ಬಾರದವರೂ ಕೇಳಿಕೊಂಡು ಬರ್ತಾರೆ. ಡೈವಿಂಗಿನವರು ಗುಡ್ಡದ ಮೇಲೆ ಯಾರನ್ನೂ ಹತ್ತಿಸೋಲ್ಲ, ನೀರಿಗಷ್ಟೇ.

ಅಜ್ಜ: ನೀರು ದ್ವೀಪ ಅಲ್ಲವಾ? ಲಂಗರು ಬಿಟ್ಟರೆ ಹವಳಕ್ಕೆ ತಾಗೋಲ್ಲವಾ? ದಿನಕ್ಕೆ ಎಷ್ಟು ಕಾಲು, ಎಷ್ಟು ಕೈ! ನಾವು ವರ್ಷಕ್ಕೆ ಒಂದು ಸಲ ಹರಕೆಗೆ ಹೋದರೆ ತಪ್ಪು, ದುಡ್ಡು ಕೊಟ್ಟವರು ದಿನಾ ಮುಳುಗಿದರೆ ಪ್ರವಾಸೋದ್ಯಮ.

ಹುಡುಗ: ಅದಕ್ಕೇ ಅಜ್ಜ ನಾನು ಹೇಳೋದು, ಯಾರೂ ಬೇಡ ಅಂತ. ಐಸ್‌ಲ್ಯಾಂಡಿನ ಹತ್ತಿರ 1963ರಲ್ಲಿ ಕಡಲೊಳಗೆ ಜ್ವಾಲಾಮುಖಿ ಎದ್ದು ಹೊಸ ದ್ವೀಪ ಹುಟ್ಟಿತು, ಸುರ್ಟ್‌ಸೇ ಅಂತ. ಬರಿಗಲ್ಲಿನ ಮೇಲೆ ಜೀವ ಹೇಗೆ ಬರ್ತದೆ ನೋಡೋಣ ಅಂತ ವಿಜ್ಞಾನಿಗಳನ್ನ ಬಿಟ್ಟು ಯಾರನ್ನೂ ಅಲ್ಲಿ ಇಳಿಸೋಲ್ಲ. ಒಂದು ದಿನ ನೋಡ್ತಾರೆ, ಲಾವಾದ ನಡುವೆ ಟೊಮೆಟೊ ಗಿಡ! ಎಲ್ಲಿಂದ ಬಂತು?

ಅಜ್ಜ: ಹಕ್ಕಿ ತಂದಿರಬೇಕು.

ಹುಡುಗ: ಹಕ್ಕಿ ಅಲ್ಲ. ಬಂದ ವಿಜ್ಞಾನಿಗಳಲ್ಲೇ ಒಬ್ಬರು ಬಂಡೆ ಮರೆಗೆ ಹೊರಕಡೆಗೆ ಹೋಗಿದ್ದರು.

ಅಜ್ಜ ನಕ್ಕು ನಕ್ಕು ಕೈಯಲ್ಲಿದ್ದ ಬಲೆ ಕೆಳಗಿಟ್ಟರು. ಬಳಿ ಕೂತಿದ್ದ ಹೆಂಗಸರೂ ನಕ್ಕರು. ಗೋಪುರದ ಸಾಲು ಇನ್ನೂ ಕರಗಿರಲಿಲ್ಲ.

ಅಜ್ಜ: ಕಂಡೆಯಾ? ಓದಿದವರನ್ನ ಬಿಟ್ಟರೂ ಅಷ್ಟೇ. ಮನುಷ್ಯ ಹೋದಲ್ಲಿ ಏನಾದರೂ ಬಿಟ್ಟೇ ಬರ್ತಾನೆ. ನಾವು ಆಡು, ಅವರು ಟೊಮೆಟೊ.

ಹುಡುಗ: ಅವರು ಆ ಗಿಡ ಕಿತ್ತು ಹಾಕಿದರು. ನೀವು ಆಡನ್ನ ವಾಪಸ್ ತರ್ತೀರಾ?

ಅಜ್ಜ: ಕೊಟ್ಟ ಹರಕೆ ವಾಪಸ್ ತರೋದಾ? ಬಿಡು, ಬಿಡು. ನಿನಗೊಂದು ಕೇಳ್ತೇನೆ. ಹೊನ್ನಾವರದ ಹತ್ತಿರ ಪಾವಿನಕುರ್ವೆಯ ಎದುರು ಬಸವರಾಜದುರ್ಗ ಇದೆಯಲ್ಲ, ಅಲ್ಲೂ ಜನ ಇಲ್ಲ. ಕೆಳದಿಯವರ ಕಾಲದ ಕೋಟೆ, ಸುತ್ತ ಚಿರೇಕಲ್ಲಿನ ಗೋಡೆ. ದಡಕ್ಕೆ ಹತ್ತಿರವೂ ಉಂಟು. ಅಲ್ಲಿಗೂ ಹೋಗಬಾರದಾ? ದಡದಲ್ಲಿ ನಿಂತು ಗೋಡೆ ಕಾಣ್ತದೆ ಅಂತ ಬೆರಳು ಮಾಡಿದರೆ ಚರಿತ್ರೆ ತಿಳಿದ ಹಾಗಾ?

ಹುಡುಗ: ಅದು ಬೇರೆ. ಅದನ್ನ ಕಟ್ಟಿದ್ದೇ ಮನುಷ್ಯ. ನೋಡುವವರಿಲ್ಲದೆ ಮರ ಬೆಳೆದು ಬೇರು ಗೋಡೆ ಸೀಳಿದರೆ ಅದು ನಷ್ಟ. ಅಲ್ಲಿಗೆ ಹತ್ತಾರು ಜನರನ್ನ, ತಿಳಿದವರ ಜೊತೆ, ದೋಣಿಯಲ್ಲಿ ಕರೆದುಕೊಂಡು ಹೋಗೋಣ. ನೇತ್ರಾಣಿ ಹಾಗಲ್ಲ.

ಅಜ್ಜ: ನಮಗೆ ನೇತ್ರಾಣಿಯೂ ಹಾಗೆಯೇ. ನಮ್ಮವರು, ಸಾಬರು, ಕ್ರಿಶ್ಚನ್ನರು, ಕಡಲಿಗೆ ಹೋಗುವವರೆಲ್ಲ ಅಲ್ಲಿಗೆ ಹರಕೆ ಹೇಳಿಕೊಂಡವರು. ಗಾಳಿಗೆ ಸಿಕ್ಕಾಗ ಆ ಗುಡ್ಡದ ಮರೆಯಲ್ಲಿ ನಿಂತು ಜೀವ ಉಳಿಸಿಕೊಂಡದ್ದುಂಟು. ನೀನು ನಿರ್ಜನ ಅಂತೀಯ. ಅಲ್ಲಿ ಮನೆ ಇಲ್ಲ ನಿಜ, ಜನ ಇಲ್ಲ ಅಂತ ಮಾತ್ರ ಹೇಳಬೇಡ.

ಹುಡುಗ: ...

ಅಜ್ಜ: ಮತ್ತೊಂದು ಮಾತು. ನಿನ್ನ ನೋಡುವ ಜಾಗಗಳಿಗೆ ದಾರಿ ಬೇಕು, ಪಾರ್ಕಿಂಗ್ ಬೇಕು, ಅಂಗಡಿ ಬೇಕು. ಅದೆಲ್ಲ ಎಲ್ಲಿ ಬರ್ತದೆ? ನಾವು ದೋಣಿ ಎಳೀತಿದ್ದ ಕಡೆ, ಹೆಂಗಸರು ಮೀನು ಒಣಗಿಸ್ತಿದ್ದ ಕಡೆ. ಮೊನ್ನೆ ಕಾರಿಂದ ಇಳಿದವರು ಮೂಗು ಮುಚ್ಚಿಕೊಂಡು, ಇಲ್ಲಿ ಯಾಕೆ ಒಣಗಿಸ್ತೀರಿ ಅಂತ ನನ್ನ ಸೊಸೆಯನ್ನ ಕೇಳಿದರು. ದೂರದ ದ್ವೀಪ ಕಾಣಬೇಕು, ಕಾಲಬುಡದ ಮೀನು ಕಾಣಬಾರದು!

ಹುಡುಗ: ಅವರದ್ದು ತಪ್ಪು. ಆದರೆ ಅವರೇ ಮಧ್ಯಾಹ್ನ ಹೋಟೆಲಿನಲ್ಲಿ ಬಂಗುಡೆ ಫ್ರೈ ತಿಂದರಲ್ಲ, ಆ ಬಂಗುಡೆ ಯಾರದ್ದು? ಜೂನ್-ಜುಲೈ 61 ದಿನ ಬೋಟು ಬಂದ್ ಆದಾಗ ನಿಮ್ಮ ಮೊಮ್ಮಗ ನನ್ನ ವ್ಯಾನ್ ಓಡಿಸಿದ್ದು ಮರೆತಿರಾ? ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ ನೀಲಿ ಬಾವುಟದ ಮಾನ್ಯತೆ ಬಂದ ಮೇಲೆ ಆ ಕಡೆ ಎಷ್ಟು ಹುಡುಗರು ಊರಲ್ಲೇ ಉಳಿದರು ಕೇಳಿ ನೋಡಿ. ಇಲ್ಲದಿದ್ದರೆ ಎಲ್ಲರೂ ಗೋವಾ ಬಸ್ಸು.

ಅಜ್ಜ: ಮರೆತಿಲ್ಲ. ಮಳೆಗಾಲದಲ್ಲಿ ಗೋಪುರ ಹತ್ತಿದವರಿಗೆ ಏನು ತೋರಿಸ್ತೀಯ? ಗುಡ್ಡವೂ ಇಲ್ಲ, ಕಡಲೂ ಇಲ್ಲ, ಬಿಳಿ.

ಹುಡುಗ: ಆ ಬಿಳಿಯನ್ನೇ ತೋರಿಸ್ತೇನೆ. ಅದರ ಹಿಂದೆ ಇದೆ ಅಂತೇನೆ. ನಂಬ್ತಾರೆ.

ಅಜ್ಜ: ಜಟ್ಟಿಗನನ್ನೂ ನಾವು ಹಾಗೇ ನಂಬಿದ್ದು.

ಇಷ್ಟರಲ್ಲಿ ಗಿರಾಕಿಗಳಲ್ಲಿ ಮೊದಲ ಕುಟುಂಬ ಗೋಪುರದಿಂದ ಇಳಿದು ಎಳನೀರಿನ ಗಾಡಿ ಹತ್ತಿರ ನಿಂತಿತ್ತು. ಹುಡುಗ ಏಳುವ ಅಂದಾಜಿನಲ್ಲಿದ್ದ, ಎದ್ದಿರಲಿಲ್ಲ.

ಅಜ್ಜ: ಮೊಮ್ಮಗನ ಬೋಟಿನ ಇಂಜಿನು ಆಗಸ್ಟಿನಲ್ಲಿ ನಡುನೀರಲ್ಲಿ ಕೈಕೊಟ್ಟಿತ್ತು. ದೇವರ ದಯೆ, ಬಂದರು ಮುಟ್ಟಿದರು. ಸೊಸೆ ಹರಕೆ ಹೇಳಿಕೊಂಡಿದ್ದಾಳೆ. ಡಿಸೆಂಬರಿನಲ್ಲಿ ಕಡಲು ಸಪಾಟಾದಾಗ ಹೋಗೋದು. ಬರ್ತೀಯಾ? ಒಂದು ಸಲ ಬುಡದಿಂದ ನೋಡು.

ಹುಡುಗ: ಬರ್ತೇನೆ. ಆದರೆ ಗುಡ್ಡ ಹತ್ತೋಲ್ಲ, ದೋಣಿಯಲ್ಲೇ ಕೂತಿರ್ತೇನೆ. ಮತ್ತೆ ಆಡು ಬೇಡ. ತೆಂಗಿನಕಾಯಿ ಒಡೆದು ಬನ್ನಿ.

ಅಜ್ಜ: ಹೇಳಿಕೊಂಡದ್ದು ಆಡು. ಕಾಯಿ ಸಾಕು ಅಂತ ಜಟ್ಟಿಗನಿಗೆ ಯಾರು ಹೇಳೋದು?

ಹುಡುಗ: ನಾನು ದೋಣಿಯಿಂದಲೇ ಕೂಗಿ ಹೇಳ್ತೇನೆ.

ಅಜ್ಜ: ಸೊಸೆಗೂ ನೀನೇ ಹೇಳು, ಅದು ಇನ್ನೂ ಕಷ್ಟ. ಡೀಸೆಲ್ ಯಾರದ್ದು?

ಹುಡುಗ: ಆಡಾದರೆ ನಿಮ್ಮದು, ಕಾಯಾದರೆ ನನ್ನದು.

ಅಜ್ಜ: ಅರ್ಧರ್ಧ ಮಾಡು. ಆಡು ಬೇಕೋ ಕಾಯೋ ಅನ್ನೋದನ್ನ ದೋಣಿ ಹತ್ತುವ ದಿನ ನೋಡೋಣ.